ವಿರುದ್ಧರಾಜ್ಯಾತಿಕ್ರಮ: 1948ರ ಬರೆಯದ ಬಾಕಿ

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ವಾಚಿಸಿ ವಿವರಿಸುವ ಪದ್ಧತಿ ದಿಗಂಬರ ಸಮಾಜದಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಏಳನೆಯ ದಿನದ ಪಾಲಿಗೆ ಬರುವುದು ವ್ರತಗಳ ಅಧ್ಯಾಯ. ಅಲ್ಲಿ ಉಮಾಸ್ವಾಮಿ ಆಚಾರ್ಯರು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಕಳ್ಳನನ್ನು ಪ್ರೇರೇಪಿಸುವುದು ಸ್ತೇನಪ್ರಯೋಗ. ಕದ್ದು ತಂದ ವಸ್ತುವನ್ನು ಕೊಳ್ಳುವುದು ತದಾಹೃತಾದಾನ. ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು ಹೀನಾಧಿಕಮಾನೋನ್ಮಾನ. ಒಳ್ಳೆಯ ಮಾಲಿನಲ್ಲಿ ಕಲಬೆರಕೆ ಬೆರೆಸುವುದು ಪ್ರತಿರೂಪಕವ್ಯವಹಾರ. ಈ ನಾಲ್ಕನ್ನು ಅಂಗಡಿಯ ಗಾದಿಯ ಮೇಲೆ ಕುಳಿತ ಪ್ರತಿಯೊಬ್ಬ ಶ್ರಾವಕನೂ ಬಲ್ಲನು. ಇವುಗಳ ನಡುವೆ, ಮೂರನೆಯದಾಗಿ, ಇನ್ನೊಂದು ಉಂಟು: ವಿರುದ್ಧರಾಜ್ಯಾತಿಕ್ರಮ.

ಈ ಮೂರನೆಯದನ್ನು ಪ್ರವಚನಕಾರರು ಸಾಮಾನ್ಯವಾಗಿ ಅವಸರದಿಂದ ದಾಟಿಬಿಡುತ್ತಾರೆ. ಸರಕಾರದ ಕಾನೂನನ್ನು ಮೀರಬಾರದು, ತೆರಿಗೆ ತಪ್ಪಿಸಬಾರದು ಎಂದು ಹೇಳಿ ಮುಂದಕ್ಕೆ ಸಾಗುತ್ತಾರೆ. ಆದರೆ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಪದಕ್ಕೆ ನೀಡಿದ ವಿವರಣೆ ಇದಕ್ಕಿಂತ ತೀಕ್ಷ್ಣವಾದುದು. ರಾಜ್ಯವು ಕ್ಷೋಭೆಗೆ ಸಿಲುಕಿದಾಗ ಬೆಲೆಬಾಳುವ ವಸ್ತುಗಳು ಅಲ್ಪ ಮೌಲ್ಯಕ್ಕೆ ದೊರೆಯುತ್ತವೆ. ಆ ಅವಕಾಶವನ್ನು ಹುಡುಕಿ ಹೊರಡುವ ಪ್ರಯತ್ನವೇ ಈ ಅತಿಚಾರ ಎಂಬುದು ಅದರ ತಾತ್ಪರ್ಯ. ಅಲ್ಲಿ ಬೀಗ ಒಡೆದಿಲ್ಲ, ಕನ್ನ ಕೊರೆದಿಲ್ಲ. ಮಾರುವವನು ಮಾರಿದ್ದಾನೆ, ಕೊಳ್ಳುವವನು ರೊಕ್ಕ ಎಣಿಸಿದ್ದಾನೆ, ಕಾಗದಕ್ಕೆ ಸಹಿ ಬಿದ್ದಿದೆ. ಆದರೂ ಆಚಾರ್ಯರು ಅದನ್ನು ಕಳವಿನ ಸಾಲಿನಲ್ಲಿಯೇ ಇರಿಸಿದರು. ಭಯವು ನಿಗದಿ ಮಾಡಿದ ಬೆಲೆಯು ಬೆಲೆಯಲ್ಲ ಎಂಬುದನ್ನು ಅವರು ಅರಿತಿದ್ದರು.

ಈ ಒಂದು ಪದವನ್ನು ಕಲಬುರಗಿ ಜಿಲ್ಲೆಯ ನೆಲದ ಮೇಲೆ ನಿಂತು ಓದಿದರೆ ಅದು ಪುರಾಣಕಾಲದ ಮಾತಾಗಿ ಉಳಿಯುವುದಿಲ್ಲ.

ಒಂದು ಪರ್ವದ ಹತ್ತು ದಿನಗಳು

ಆಳಂದ ತಾಲೂಕಿನ ನಿಂಬರ್ಗಾ, ಅದರ ಸುತ್ತಣ ಹಳ್ಳಿಗಳು, ಆಚೆಗೆ ಅಫಜಲಪುರ, ಜೇವರ್ಗಿ: ಇವೆಲ್ಲವೂ ನಿಜಾಮನ ಹೈದರಾಬಾದ್ ಸಂಸ್ಥಾನದ ಅಂಚಿನ ಊರುಗಳು. ಪಶ್ಚಿಮಕ್ಕೆ ಅಕ್ಕಲಕೋಟೆ, ಸೊಲ್ಲಾಪುರ. ಅಲ್ಲಿ ಬೇರೆ ಆಡಳಿತ, ಬೇರೆ ನಾಣ್ಯ. ಇಲ್ಲಿಯ ಹಾಲಿ ಸಿಕ್ಕಾ ಏಳು ರೂಪಾಯಿಗೆ ಅಲ್ಲಿಯ ಸುಮಾರು ಆರು ರೂಪಾಯಿ. ನಡುವೆ ಕರೋಡಗಿರಿಯ ನಾಕೆಗಳು. ಒಂದೇ ಕರಿ ಭೂಮಿ, ಒಂದೇ ಜೋಳ ತೊಗರಿಯ ಬೆಳೆ, ಗಡಿಯ ಎರಡೂ ಬದಿಗೆ ಬೀಗರು ಬಿಜ್ಜರು. ಆದರೂ ಎರಡು ರಾಜ್ಯ. 1947ರ ಆಗಸ್ಟ್ 15ರಂದು ಒಂದು ಬದಿಗೆ ಸ್ವಾತಂತ್ರ್ಯ ಬಂದಿತು, ಇನ್ನೊಂದು ಬದಿಗೆ ಬರಲಿಲ್ಲ.

ಮುಂದಿನ ಹದಿಮೂರು ತಿಂಗಳುಗಳ ಕಥೆಯನ್ನು ಈ ಭಾಗದ ಹಿರಿಯರು ರಜಾಕಾರರ ಹಾವಳಿ ಎಂಬ ಎರಡೇ ಪದಗಳಲ್ಲಿ ಹೇಳುತ್ತಿದ್ದರು. ಖಾಸಿಂ ರಜ್ವಿಯ ನಾಯಕತ್ವದ ಸಶಸ್ತ್ರ ಪಡೆಗಳು ಊರೂರಿನ ಮೇಲೆ ಮಾಸಿಕ ವಂತಿಗೆ ಹೇರಿದವು. ಕೊಡದ ಊರುಗಳಲ್ಲಿ ಲೂಟಿ, ಬೆಂಕಿ, ಕೊಲೆ, ಸ್ತ್ರೀಯರ ಮೇಲಿನ ಅತ್ಯಾಚಾರ ನಡೆದವು. ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಈ ಸೀಮೆ ಇಂದಿಗೂ ಮರೆತಿಲ್ಲ. ಅನೇಕ ಕುಟುಂಬಗಳು ಮನೆ ಮಾರು ಬಿಟ್ಟು ಗಡಿ ದಾಟಿದವು. ಗಡಿಯಾಚೆ ಹೋರಾಟಗಾರರ ಶಿಬಿರಗಳು ಎದ್ದವು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ಸೆಪ್ಟೆಂಬರ್ 17ರಂದು ನಿಜಾಮನು ಶರಣಾದನು. ಪಂಚಾಂಗವನ್ನು ತೆರೆದು ನೋಡುವ ಶ್ರಾವಕನಿಗೆ ಇಲ್ಲಿ ಒಂದು ವಿಷಯ ಕಾಣುತ್ತದೆ. ಆ ವರ್ಷ ಸೆಪ್ಟೆಂಬರ್ 17 ಭಾದ್ರಪದ ಶುಕ್ಲ ಚತುರ್ದಶಿ, ಅಂದರೆ ಅನಂತ ಚತುರ್ದಶಿ. ಸೈನ್ಯವು ನಡೆದ ಐದು ದಿನಗಳು ದಶಲಕ್ಷಣ ಪರ್ವದ ಕೊನೆಯ ಐದು ದಿನಗಳು. ವ್ರತಗಳ ಅಧ್ಯಾಯದ ಸರದಿ ಬರುವ ವೇಳೆಗೆ ಸೈನ್ಯವು ಗಡಿಯನ್ನು ದಾಟಿತ್ತು. ಹುಣ್ಣಿಮೆ ಕಳೆದ ಮರುದಿನ ಕ್ಷಮಾವಾಣಿ. ಸಕಲ ಜೀವಿಗಳನ್ನೂ ಕ್ಷಮಿಸಿ, ಸಕಲ ಜೀವಿಗಳಿಂದಲೂ ಕ್ಷಮೆಯನ್ನು ಬೇಡುವ ಆ ದಿನದಿಂದ ಮುಂದಿನ ವಾರಗಳಲ್ಲಿಯೇ ಈ ಜಿಲ್ಲೆಯಲ್ಲಿ ಎರಡನೆಯ ರಕ್ತಪಾತ ನಡೆಯಿತು.

ಅದರ ವಿವರವು ಸುಂದರಲಾಲ್ ಸಮಿತಿಯ ವರದಿಯಲ್ಲಿದೆ. ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಈ ಮೂವರು ಪ್ರಧಾನಿ ನೆಹರೂ ಅವರ ಕೋರಿಕೆಯಂತೆ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ ಮೂರನೆಯ ವಾರದವರೆಗೆ ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಒಂಬತ್ತನ್ನು ಸುತ್ತಿ ನೋಡಿದರು. ಕಾರ್ಯಾಚರಣೆಯ ದಿನಗಳಲ್ಲಿ ಮತ್ತು ಅದರ ಅನಂತರ ಸತ್ತವರ ಸಂಖ್ಯೆ 27,000ದಿಂದ 40,000 ಎಂದು ಅವರು ಅಂದಾಜಿಸಿದರು. ಅತ್ಯಂತ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್. ಈ ನಾಲ್ಕರಲ್ಲಿಯೇ ಸತ್ತವರು 18,000ಕ್ಕಿಂತ ಕಡಿಮೆಯಿಲ್ಲವೆಂದರು. ಸತ್ತವರು ಹಳ್ಳಿಗಾಡಿನ ಮುಸಲ್ಮಾನರು. ಕೊಲೆಯ ಜೊತೆಜೊತೆಗೆ ಲೂಟಿ, ಬೆಂಕಿ, ಬಲಾತ್ಕಾರದ ಮತಾಂತರ, ಮನೆ ಹೊಲಗಳ ಆಕ್ರಮಣ ನಡೆದವೆಂದೂ, ಕೋಟ್ಯಂತರ ರೂಪಾಯಿಗಳ ಆಸ್ತಿ ಹಾಳಾಯಿತೆಂದೂ ಬರೆದರು. ಸಂಖ್ಯೆಯ ಬಗೆಗೆ ಅಂದಿನಿಂದಲೂ ವಾದವಿದೆ. ಆ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೂ, ಕಾಲಂಶಕ್ಕೆ ಇಳಿಸಿದರೂ, ನೆರೆಯವನು ನೆರೆಯವನನ್ನು ಕೊಂದನೆಂಬ ಸಂಗತಿ ಅಳಿಯುವುದಿಲ್ಲ. ಸರಕಾರವು ಆ ವರದಿಯನ್ನು ಪ್ರಕಟಿಸಲಿಲ್ಲ. ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಸಾರ್ವಜನಿಕರ ಓದಿಗೆ ದೊರೆತದ್ದು 2013ರ ಹೊತ್ತಿಗೆ.

ಈ ಇಡೀ ಕಾಲಕ್ಕೆ ಎರಡು ಹೆಸರುಗಳು ಬಳಕೆಯಲ್ಲಿವೆ. ಸರಕಾರಿ ಕಾಗದದಲ್ಲಿ ಅದು ಪೊಲೀಸ್ ಕಾರ್ಯಾಚರಣೆ. ವೇದಿಕೆಯ ಮೇಲೆ ಅದು ವಿಮೋಚನೆ. ಎರಡೂ ಸುಳ್ಳಲ್ಲ. ಸಂಸ್ಥಾನದ ಪ್ರಜೆಗಳಿಗೆ ಬಿಡುಗಡೆ ದೊರೆತದ್ದು ನಿಜ; ಅದಕ್ಕಾಗಿ ಪ್ರಾಣ ಕೊಟ್ಟವರ ಋಣ ದೊಡ್ಡದು. ಆದರೆ ಒಂದೇ ಊರಿನ ಜನ ಮೊದಲು ಒಂದು ದಿಕ್ಕಿನಿಂದ, ಬಳಿಕ ಇನ್ನೊಂದು ದಿಕ್ಕಿನಿಂದ ಪರಸ್ಪರರ ಮೇಲೆ ಕೈ ಎತ್ತಿದ ಕಾಲಕ್ಕೆ ಬೇರೆ ದೇಶಗಳಲ್ಲಿ ಅಂತರ್ಯುದ್ಧ ಎಂದೇ ಹೆಸರು. ಹೆಸರನ್ನು ಬದಲಿಸಿದ ಮಾತ್ರಕ್ಕೆ ಅಂತರ್ಯುದ್ಧದ ಅನಂತರ ಮಾಡಬೇಕಾದ ಕೆಲಸವು ಇಲ್ಲವಾಗುವುದಿಲ್ಲ.

ಕಟ್ಟಿದ್ದು ಯಾವುದು, ಬಿಟ್ಟದ್ದು ಯಾವುದು

ಕಟ್ಟುವ ಕೆಲಸ ನಡೆಯಲಿಲ್ಲವೆಂದು ಯಾರೂ ಹೇಳಲಾರರು. 1949ರ ಆಗಸ್ಟ್‌ನಲ್ಲಿ ಜಾಗೀರುಗಳು ರದ್ದಾದವು. ಸಂಸ್ಥಾನದ ನೆಲದ ಸುಮಾರು ಮೂರನೆಯ ಒಂದು ಪಾಲು ಜಾಗೀರುದಾರರ ಕೈಯಲ್ಲಿತ್ತು ಎಂಬುದನ್ನು ನೆನೆದರೆ ಈ ಒಂದು ಕಾನೂನಿನ ತೂಕ ಅರಿವಾಗುತ್ತದೆ. 1950ರಲ್ಲಿ ಹೈದರಾಬಾದ್ ಗೇಣಿ ಮತ್ತು ಕೃಷಿ ಜಮೀನುಗಳ ಕಾಯಿದೆ ಬಂದು, ಉಳುವ ಕೌಲುದಾರನಿಗೆ ರಕ್ಷಣೆ ದೊರೆಯಿತು. ಹಾಲಿ ಸಿಕ್ಕಾ ಕ್ರಮೇಣ ಚಲಾವಣೆಯಿಂದ ಹೋಯಿತು. ಗಡಿಯ ಸುಂಕದ ನಾಕೆಗಳು ಹೋದವು. 1951ರ ಏಪ್ರಿಲ್‌ನಲ್ಲಿ ಇದೇ ಸಂಸ್ಥಾನದ ತೆಲಂಗಾಣದ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆಯವರಿಗೆ ಮೊದಲ ನೂರು ಎಕರೆ ಭೂದಾನ ದೊರೆಯಿತು. 1956ರಲ್ಲಿ ಕನ್ನಡ ಜಿಲ್ಲೆಗಳು ಕನ್ನಡ ರಾಜ್ಯವನ್ನು ಸೇರಿದವು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ. 2009ರಲ್ಲಿ ಆಳಂದ ತಾಲೂಕಿನ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯವೇ ಬಂದಿತು.

ಈ ಕಾನೂನುಗಳು ಹಳೆಯ ಅನ್ಯಾಯವನ್ನು, ಅಂದರೆ ನಿಜಾಮನ ಕಾಲದ ಅನ್ಯಾಯವನ್ನು, ಗುರಿಯಾಗಿರಿಸಿಕೊಂಡಿದ್ದವು. ಆ ಕೆಲವು ತಿಂಗಳುಗಳಲ್ಲಿ ಹೊಸದಾಗಿ ಹುಟ್ಟಿದ ಅನ್ಯಾಯವನ್ನು ಯಾವ ಕಾನೂನೂ ಮುಟ್ಟಲಿಲ್ಲ. ಜಾಗೀರುದಾರನಿಂದ ನೆಲವನ್ನು ಬಿಡಿಸಿಕೊಂಡ ಸರಕಾರವು, ಓಡಿಹೋದ ಪಿಂಜಾರನ ಮನೆಯಲ್ಲಿ ಯಾರು ಕುಳಿತರು, ಗಂಡನನ್ನು ಕಳೆದುಕೊಂಡ ವಿಧವೆಯ ನಾಲ್ಕು ಎಕರೆಯನ್ನು ಯಾರು ಯಾವ ಬೆಲೆಗೆ ಬರೆಯಿಸಿಕೊಂಡರು ಎಂದು ಊರೂರಿಗೆ ಹೋಗಿ ಕೇಳಲಿಲ್ಲ.

ಇಲ್ಲಿ ಒಂದು ದಫ್ತರವನ್ನು ಹೆಸರಿಸಬೇಕು. ಹಳೆಯ ಹೈದರಾಬಾದ್ ಭಾಗದಲ್ಲಿ ಜಮೀನಿನ ವ್ಯಾಜ್ಯ ಬಂದಾಗಲೆಲ್ಲ ವಕೀಲರು ಮೊದಲು ಕೇಳುವ ಕಾಗದ 1954-55ರ ಖಾಸ್ರಾ ಪಹಣಿ. ಯಾವ ಸರ್ವೆ ನಂಬರು ಯಾರ ಹೆಸರಿನಲ್ಲಿ, ಯಾರ ಕಬ್ಜೆಯಲ್ಲಿ ಎಂಬುದು ಅಲ್ಲಿ ದಾಖಲಾಯಿತು. ಅದು ಒಳ್ಳೆಯ ದಾಖಲೆಯೇ. ಅದಿಲ್ಲದೆ ಭೂಸುಧಾರಣೆಯೇ ಸಾಧ್ಯವಿರಲಿಲ್ಲ. ಆದರೆ 1948ರಿಂದ 1954ರವರೆಗಿನ ಆರು ವರ್ಷಗಳಲ್ಲಿ ಕೈ ಬದಲಾದ ನೆಲವೂ ಆ ಕಾಗದದಲ್ಲಿ ಹೊಸ ಕೈಯ ಹೆಸರಿನಲ್ಲಿಯೇ ಸೇರಿಕೊಂಡಿತು. ಲೆಕ್ಕ ಬರೆಯುವವರ ಮಾತಿನಲ್ಲಿ ಹೇಳುವುದಾದರೆ, ತಪ್ಪು ಬಾಕಿಯೊಂದು ಹೊಸ ಕೀರ್ದಿಗೆ ಆರಂಭದ ಶಿಲ್ಕಾಗಿ ಏರಿತು. ಒಮ್ಮೆ ಹಾಗೆ ಏರಿದ ಮೇಲೆ ಮುಂದಿನ ಎಲ್ಲ ಪುಟಗಳೂ ಸರಿಯಾಗಿಯೇ ಕೂಡುತ್ತವೆ. ಮೂಲದ ತಪ್ಪು ಯಾವ ತಪಾಸಣೆಯಲ್ಲಿಯೂ ಕಾಣಿಸುವುದಿಲ್ಲ.

1948ರ ದೀಪಾವಳಿ ಅಮಾವಾಸ್ಯೆ ನವೆಂಬರ್ 1ಕ್ಕೆ ಬಂದಿತ್ತು. ಮರುದಿನ ವೀರನಿರ್ವಾಣ ಸಂವತ್ 2475 ಆರಂಭ. ವ್ಯಾಪಾರಿಗಳು ಅಂಗಡಿಗಳಲ್ಲಿ ಪೂಜೆ ಮಾಡಿ ಹೊಸ ಪುಸ್ತಕಗಳನ್ನು ತೆರೆಯುವ ಕಾಲ ಅದು. ಸುಂದರಲಾಲ್ ಸಮಿತಿ ಈ ಜಿಲ್ಲೆಗಳಿಗೆ ಬರಲು ಇನ್ನೂ ನಾಲ್ಕು ವಾರಗಳು ಉಳಿದಿದ್ದವು. ಆ ಹೊಸ ಪುಸ್ತಕಗಳ ಮೊದಲ ಪುಟದಲ್ಲಿ ಬರೆಯಬೇಕಾಗಿದ್ದ ಬಾಕಿಯನ್ನು ಯಾರೂ ಬರೆಯಲಿಲ್ಲ.

ಪತ್ತು

ಕನ್ನಡದಲ್ಲಿ ಪತ್ತು ಎಂಬ ಒಂದು ಪದವಿದೆ. ವ್ಯಾಪಾರಿಗೆ ಅದು ಸಾಲ ಹುಟ್ಟುವ ಯೋಗ್ಯತೆ. ಊರಿನವರಿಗೆ ಅದು ನಂಬಿಕೆ. ಪತ್ತಿನ ಸಹಕಾರ ಸಂಘ ಎಂಬ ಹೆಸರಿನಲ್ಲಿ ಎರಡು ಅರ್ಥಗಳೂ ಒಂದಾಗಿವೆ. ಇವು ಬೇರೆ ಬೇರೆ ಎಂದು ಭಾವಿಸುವುದೇ ಅಂತರ್ಯುದ್ಧದ ಬಳಿಕ ದೇಶ ಕಟ್ಟುವವರು ಮಾಡುವ ಮೊದಲ ತಪ್ಪು.

ಮಳೆಯನ್ನೇ ನಂಬಿದ ಆಳಂದ ಸೀಮೆಯ ಹಳ್ಳಿಯೊಂದರ ಆರ್ಥಿಕ ವ್ಯವಹಾರವನ್ನು ನೋಡಬೇಕು. ರೈತನಿಗೆ ಮೃಗಶಿರಾದಲ್ಲಿ ಬೀಜ ಬೇಕು; ತೊಗರಿಯ ರಾಶಿ ಆಗುವುದು ಪುಷ್ಯ ಮಾಸದಲ್ಲಿ. ನಡುವಿನ ಆರೇಳು ತಿಂಗಳು ಅವನು ಬದುಕುವುದು ಉದ್ರಿಯ ಮೇಲೆ. ಅಡತಿ ಅಂಗಡಿಯವನು ಮುಂಗಡ ಕೊಡುತ್ತಾನೆ. ಕಿರಾಣಿಯವನು ಖಾತೆಯಲ್ಲಿ ಬರೆದುಕೊಳ್ಳುತ್ತಾನೆ. ಬಾಗವಾನನು ಹಣ್ಣನ್ನು ಬುಟ್ಟಿಗೆ ಹಾಕಿ ಸಂತೆಯ ದಿನ ಕೊಡು ಎನ್ನುತ್ತಾನೆ. ಮಣಿಯಾರನು ಮದುವೆಯ ಮನೆಗೆ ಬಳೆ ತೊಡಿಸಿ ಸುಗ್ಗಿಗೆ ಜೋಳ ಪಡೆಯುತ್ತಾನೆ. ಪಿಂಜಾರನು ಹತ್ತಿ ಹಿಂಜಿ ಗಾದಿ ತುಂಬಿ ಮುಂದಿನ ವರ್ಷಕ್ಕೆ ಕಾಯುತ್ತಾನೆ. ಇದರಲ್ಲಿ ಕಾಗದವಿಲ್ಲ, ಜಾಮೀನಿಲ್ಲ. ಇಂಥವನು ಇಂಥವನ ಮಗ, ನಾಳೆಯೂ ಇಲ್ಲಿಯೇ ಇರುತ್ತಾನೆ ಎಂಬ ಭರವಸೆಯೇ ಜಾಮೀನು.

ಅಂತರ್ಯುದ್ಧವು ಸುಡುವುದು ಮನೆಗಳನ್ನಷ್ಟೇ ಅಲ್ಲ, ಈ ಭರವಸೆಯನ್ನು. ನೆರೆಯವನು ನಾಳೆ ಇಲ್ಲಿರುವನೇ, ಇದ್ದರೆ ಯಾರ ಪಕ್ಷದಲ್ಲಿರುವನು ಎಂಬ ಶಂಕೆ ಒಮ್ಮೆ ಹೊಕ್ಕರೆ ಉದ್ರಿ ನಿಲ್ಲುತ್ತದೆ, ಅಥವಾ ಭಯದ ಬಡ್ಡಿಯನ್ನು ಸೇರಿಸಿಕೊಂಡು ದುಬಾರಿಯಾಗುತ್ತದೆ. ದುರ್ಬಲನು ನೆಲವನ್ನು ಅಡವಿಡುತ್ತಾನೆ. ಬಲವಂತನು ಅದನ್ನು ನುಂಗುತ್ತಾನೆ. ಸುಟ್ಟ ಮನೆಯನ್ನು ಒಂದು ಬೇಸಗೆಯಲ್ಲಿ ಕಟ್ಟಬಹುದು. ಸುಟ್ಟ ಪತ್ತನ್ನು ಮೂರು ತಲೆಮಾರುಗಳಾದರೂ ಕಟ್ಟಲಾಗುವುದಿಲ್ಲ. ಈ ಸೀಮೆಯ ಬಡತನಕ್ಕೆ ಮಳೆ, ನೀರಾವರಿ, ನಿಜಾಮನ ಆಡಳಿತ ಮುಂತಾದ ಕಾರಣಗಳು ಹಲವು. ಅವುಗಳ ಪಟ್ಟಿಯಲ್ಲಿ ಈ ಕಾರಣಕ್ಕೂ ಒಂದು ಸ್ಥಾನ ಇರಲೇಬೇಕು.

ಹಾಗೆಂದು ಎಲ್ಲರೂ ಪತ್ತು ಕಳೆದುಕೊಂಡರೆ? ಇಲ್ಲ. ಸುಂದರಲಾಲ್ ವರದಿಯಲ್ಲಿಯೇ ಬಹು ಮುಖ್ಯವಾದ ಒಂದು ಮಾತಿದೆ. ಹಲವೆಡೆ ಮುಸಲ್ಮಾನ ನೇಕಾರರನ್ನು ಹಿಂದೂ ನೇಕಾರರೇ ಅಡ್ಡ ನಿಂತು ಕಾಪಾಡಿದರು. ಅದಕ್ಕಾಗಿ ಕೆಲವರು ತಮ್ಮ ಪ್ರಾಣವನ್ನೂ ತೆತ್ತರು. ಒಂದೇ ಕಸುಬು, ಒಂದೇ ನೂಲು, ಒಂದೇ ಸಂತೆ ಅವರನ್ನು ಹಿಡಿದು ನಿಲ್ಲಿಸಿತು. ದೇಶವನ್ನು ಮರಳಿ ಕಟ್ಟುವುದು ಹೇಗೆಂಬ ಪ್ರಶ್ನೆಗೆ ಆ ಹೆಸರಿಲ್ಲದ ನೇಕಾರರು 1948ರಲ್ಲಿಯೇ ಉತ್ತರ ಕೊಟ್ಟಿದ್ದರು. ಅವರಿಗೆ ಎಲ್ಲಿಯೂ ಒಂದು ಕಲ್ಲನ್ನೂ ನೆಟ್ಟಂತೆ ಕಾಣುವುದಿಲ್ಲ.

ಮೂರು ಆಕ್ಷೇಪಗಳು

ಈ ಮಾತನ್ನು ಎತ್ತಿದೊಡನೆ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ಆರಂಭಿಸಿದವರು ರಜಾಕಾರರು, ಲೂಟಿಯಾದವುಗಳಲ್ಲಿ ವ್ಯಾಪಾರಿಗಳ ಅಂಗಡಿಗಳೂ ಇದ್ದವು, ಹೀಗಿರುವಾಗ ಲೆಕ್ಕ ಒಪ್ಪಿಸಬೇಕಾದವರು ಅವರೇ ಹೊರತು ಇವರಲ್ಲ. ಜೈನಶಾಸ್ತ್ರವು ಗೃಹಸ್ಥನ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಮೇಲೆ ಬಿದ್ದವನನ್ನು ತಡೆಯುವುದು ವಿರೋಧೀ ಹಿಂಸೆ. ಗೃಹಸ್ಥನು ಅದನ್ನು ಸಂಪೂರ್ಣವಾಗಿ ತ್ಯಜಿಸಲಾರನೆಂದು ಶಾಸ್ತ್ರವೇ ಒಪ್ಪುತ್ತದೆ. ಕೋವಿ ಹಿಡಿದು ಬಂದ ರಜಾಕಾರನನ್ನು ಎದುರಿಸಿದ್ದು ಆ ವರ್ಗಕ್ಕೆ ಸೇರಿದ್ದು. ಆದರೆ ಸೈನ್ಯವು ಬಂದು, ರಜಾಕಾರರು ಚದುರಿ, ಅವರ ನಾಯಕನು ಸೆರೆಯಾದ ಮೇಲೆ, ಏನೂ ಅರಿಯದ ಹಳ್ಳಿಯ ಪಿಂಜಾರನನ್ನು ಬಾವಿಗೆ ನೂಕುವುದು ಸಂಕಲ್ಪೀ ಹಿಂಸೆ. ಅದಕ್ಕೆ ಅಣುವ್ರತದಲ್ಲಿಯೂ ವಿನಾಯಿತಿಯಿಲ್ಲ. ಹಾಗೆ ಮಾಡಿದವರು ಮಾತ್ರವೇ ಹೊಣೆಯೇ? ಕೃತ, ಕಾರಿತ, ಅನುಮೋದನ ಮೂರೂ ಆಸ್ರವಕ್ಕೆ ದ್ವಾರಗಳೆಂದು ಬಾಲಬೋಧೆಯಲ್ಲಿಯೇ ಕಲಿಸಲಾಗುತ್ತದೆ. ನೋಡಿ ಸುಮ್ಮನಿದ್ದು, ಬಳಿಕ ಅಗ್ಗದ ಬೆಲೆಗೆ ಕೊಂಡವನು ಯಾವ ದ್ವಾರದಲ್ಲಿ ನಿಂತಿದ್ದಾನೆಂದು ಬೇರೆ ಹೇಳಬೇಕಾಗಿಲ್ಲ.

ರಜಾಕಾರರ ಕೃತ್ಯಗಳು ಪುಸ್ತಕದಲ್ಲಿ ಏರಿವೆ. ಅವರ ಸಂಘಟನೆ ನಿಷೇಧಕ್ಕೊಳಗಾಯಿತು. ರಜ್ವಿ 1957ರವರೆಗೆ ಸೆರೆಯಲ್ಲಿದ್ದನು. ಗೋರಟಾದಲ್ಲಿ 2023ರ ಮಾರ್ಚ್‌ನಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾಯಿತು. ಅದು ಆಗಬೇಕಾಗಿತ್ತು, ಆಯಿತು. ಪುಸ್ತಕದ ಎಡಬದಿ ತುಂಬಿದೆ. ಬಲಬದಿ ಖಾಲಿ ಇದೆ. ಒಂದು ಬದಿಯನ್ನು ಮಾತ್ರ ಬರೆದ ಪುಸ್ತಕವನ್ನು ಯಾವ ಲೆಕ್ಕತಪಾಸಿಗನೂ ಒಪ್ಪುವುದಿಲ್ಲ. ಅನೇಕಾಂತವನ್ನು ಜಗತ್ತಿಗೆ ಕೊಟ್ಟ ಸಮಾಜವು ತನ್ನ ಊರಿನ ಇತಿಹಾಸವನ್ನು ಏಕಾಂತವಾಗಿ ಓದುವುದು ಲಜ್ಜೆಯ ಸಂಗತಿ.

ಎರಡನೆಯ ಆಕ್ಷೇಪ: ಮುಕ್ಕಾಲು ಶತಮಾನ ಕಳೆಯಿತು, ಮಾಡಿದವರೂ ಇಲ್ಲ, ಅನುಭವಿಸಿದವರೂ ಇಲ್ಲ. ಮನುಷ್ಯರು ಹೋದದ್ದು ನಿಜ, ಆಸ್ತಿ ಹೋಗಿಲ್ಲ. ತಂದೆಯ ಅಂಗಡಿಯನ್ನು ಪಡೆದ ಮಗನು ತಂದೆಯ ಸಾಲವನ್ನು ತೀರಿಸುವುದು ಪೇಟೆಯ ಮರ್ಯಾದೆ. ಸಾಲ ಕೊಟ್ಟವನು ತೀರಿಕೊಂಡರೆ ಅವನ ಮಕ್ಕಳನ್ನು ಹುಡುಕಿ ಕೊಡುವವನನ್ನು ಪೇಟೆ ದೊಡ್ಡವನೆನ್ನುತ್ತದೆ. ಹೊಲವನ್ನು ವಾರಸಿಗೆ ಪಡೆಯುವಾಗ ನೆನಪಾಗುವ ಅಜ್ಜನು ಹೊಣೆಯನ್ನು ಪಡೆಯುವಾಗ ಮಾತ್ರ ಮರೆತುಹೋಗುವುದು ಹೇಗೆ? ಸಾವಿರ ವರ್ಷಗಳ ಹಿಂದಿನ ಮಾನ್ಯಖೇಟದ ವೈಭವವನ್ನು, ಅಮೋಘವರ್ಷ ಜಿನಸೇನರನ್ನು ಪ್ರತಿ ಸಮಾರಂಭದಲ್ಲಿಯೂ ತನ್ನದೆಂದು ಸ್ಮರಿಸುವ ಸಮಾಜಕ್ಕೆ 1948 ಮಾತ್ರ ಬಹು ಹಳೆಯ ಮಾತಾಗಿ ಕಾಣುವುದು ವಿಚಿತ್ರ.

ಮೂರನೆಯ ಆಕ್ಷೇಪ: ಗಾಯವನ್ನು ಕೆದಕುವುದೇಕೆ, ಅಭಿವೃದ್ಧಿಯೇ ಔಷಧ. ಅಭಿವೃದ್ಧಿ ಬಾರದೆ ಇಲ್ಲ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿಯು ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅವುಗಳಲ್ಲಿ ಸೇರಿವೆ. ಬಳಿಕ ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಬಂದಿತು. ಅಭಿವೃದ್ಧಿ ಮಂಡಳಿಗೆ ಅನುದಾನ ಬಂದಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಅದೇ ವರ್ಷ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತು, ಈ ನೆಲದ ಬೇಳೆಗೆ ದೇಶದಲ್ಲೆಲ್ಲ ಪತ್ತು ಬಂದಿತು. ಆದರೆ ಬೇಳೆಗೆ ಬಂದ ಪತ್ತು ಅದನ್ನು ಬೆಳೆಯುವ ನೆರೆಹೊರೆಗೆ ಬಂದಿದೆಯೇ? ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಂಡು ಬಂದ ಆಳಂದದ ಲಾಡ್ಲೆ ಮಶಾಕ್ ದರ್ಗಾದ ಬಳಿ 2022ರ ಮಾರ್ಚ್‌ನಲ್ಲಿ, ಶಿವರಾತ್ರಿಯ ದಿನ, ಪೂಜೆಯ ವಿವಾದ ಎದ್ದು ಕಲ್ಲು ತೂರಾಟ ನಡೆದು ನಿಷೇಧಾಜ್ಞೆ ಜಾರಿಯಾಯಿತು. ಅನುದಾನದಿಂದ ರಸ್ತೆಯಾಗುತ್ತದೆ, ಆ ರಸ್ತೆಯ ಮೇಲೆ ಕಲ್ಲು ಬೀಳದಂತೆ ನೋಡಿಕೊಳ್ಳುವುದು ಅನುದಾನದ ಕೆಲಸವಲ್ಲ.

ಬೇರೆ ದೇಶಗಳ ಅನುಭವ

ಈ ವಿಷಯದಲ್ಲಿ ಅನ್ಯ ದೇಶಗಳ ಅನುಭವವೂ ವ್ಯಾಪಾರಿಗೆ ಪಾಠವಾಗುವಂಥದು. ಲೆಬನಾನ್ ದೇಶದಲ್ಲಿ 1975ರಿಂದ 1990ರವರೆಗೆ ಅಂತರ್ಯುದ್ಧ ನಡೆಯಿತು. 1991ರಲ್ಲಿ ಸಾರ್ವತ್ರಿಕ ಕ್ಷಮಾದಾನದ ಕಾನೂನನ್ನು ತಂದು, ಯಾರು ಏನು ಮಾಡಿದರೆಂಬ ಪ್ರಶ್ನೆಯನ್ನೇ ಮುಚ್ಚಲಾಯಿತು. ಕೇಳದೆಯೇ ಕೊಟ್ಟ ಕ್ಷಮೆ ಅದು, ಒಪ್ಪಿಕೊಂಡವರಿಲ್ಲ, ಹಿಂದಿರುಗಿಸಿದವರಿಲ್ಲ. ರಾಜಧಾನಿ ಬೈರೂತಿನ ಮಧ್ಯಭಾಗವನ್ನು 1994ರಲ್ಲಿ ಸ್ಥಾಪನೆಯಾದ ಖಾಸಗಿ ಕಂಪನಿಯೊಂದಕ್ಕೆ ವಹಿಸಿ, ಹಳೆಯ ಮಾಲೀಕರ ಮನೆ ಅಂಗಡಿಗಳ ಹಕ್ಕುಗಳಿಗೆ ಬದಲಾಗಿ ಷೇರು ಪತ್ರಗಳನ್ನು ಕೊಡಲಾಯಿತು. ಕಟ್ಟಡಗಳು ಭವ್ಯವಾಗಿ ಎದ್ದವು. ಯುದ್ಧ ಮಾಡಿದ ನಾಯಕರೇ ಅನೇಕರು ಮಂತ್ರಿಗಳಾದರು. ಮೂವತ್ತು ವರ್ಷಗಳು ತುಂಬುವ ಮೊದಲೇ, 2019ರಲ್ಲಿ, ಬ್ಯಾಂಕುಗಳು ಠೇವಣಿದಾರರಿಗೆ ಬಾಗಿಲು ಮುಚ್ಚಿದವು. 2020ರ ಮಾರ್ಚ್‌ನಲ್ಲಿ ದೇಶವೇ ಸಾಲ ತೀರಿಸಲಾರದೆ ಕೈ ಚೆಲ್ಲಿತು. ಅದಕ್ಕೆ ಆರ್ಥಿಕ ಕಾರಣಗಳು ಬೇರೆಯೂ ಇವೆ. ಆದರೆ ಲೆಕ್ಕ ಕೇಳದ ಅಭ್ಯಾಸವನ್ನು ಯುದ್ಧದ ಅಪರಾಧದಿಂದ ಆರಂಭಿಸಿದ ದೇಶವು ಬ್ಯಾಂಕಿನ ಲೆಕ್ಕವನ್ನು ಮಾತ್ರ ಕಟ್ಟುನಿಟ್ಟಾಗಿ ಕೇಳೀತೆಂದು ನಿರೀಕ್ಷಿಸುವುದು ಹೇಗೆ?

ರುವಾಂಡಾ ದೇಶವು ಬೇರೆ ದಾರಿ ಹಿಡಿಯಿತು. 1994ರ ನರಮೇಧದ ಬಳಿಕ, ನಗರದ ನ್ಯಾಯಾಲಯಗಳು ಸಾಲದೆ, ಗಚಾಚಾ ಎಂಬ ಹಳ್ಳಿಯ ಪಂಚಾಯಿತಿಗಳಿಗೆ ವಿಚಾರಣೆಯನ್ನು ಒಪ್ಪಿಸಲಾಯಿತು. ಅವು 2012ರಲ್ಲಿ ಮುಗಿದವು. ಅವುಗಳಲ್ಲಿ ದೋಷಗಳಿದ್ದವು, ಒಂದು ಪಕ್ಷದ ತಪ್ಪುಗಳನ್ನು ಮಾತ್ರ ವಿಚಾರಿಸಿದವೆಂಬ ಟೀಕೆಯೂ ಉಂಟು, ಅದು ನ್ಯಾಯವಾದ ಟೀಕೆ. ಆದರೂ ಒಂದು ಅಂಶ ಗಮನಾರ್ಹ. ಕೊಲೆಯನ್ನು ಒಂದು ವರ್ಗವಾಗಿಯೂ, ಆಸ್ತಿಯ ಲೂಟಿಯನ್ನು ಬೇರೊಂದು ವರ್ಗವಾಗಿಯೂ ಇಟ್ಟು, ಲೂಟಿ ಮಾಡಿದವನಿಗೆ ಸೆರೆಮನೆಯ ಬದಲು ಹಿಂದಿರುಗಿಸುವ ಹೊಣೆಯನ್ನು ಹೊರಿಸಲಾಯಿತು. ಊರಿನವರ ಎದುರು ನಿಂತು, ಇಂಥವರ ಮನೆಯಿಂದ ಇದನ್ನು ತಂದೆನೆಂದು ಹೇಳಬೇಕಾಯಿತು. ಜೈನರಿಗೆ ಇದು ಹೊಸದಲ್ಲ. ಗುರುವಿನ ಎದುರು ದೋಷವನ್ನು ಹೇಳಿಕೊಳ್ಳುವುದು ಆಲೋಚನಾ. ಅದರಿಂದ ಹಿಂದಕ್ಕೆ ತಿರುಗುವುದು ಪ್ರತಿಕ್ರಮಣ. ಕೆಟ್ಟದ್ದನ್ನು ಸರಿಪಡಿಸಿಕೊಳ್ಳುವುದು ಪ್ರಾಯಶ್ಚಿತ್ತ. ಕ್ರಮವನ್ನು ಮರೆತು ಕೊನೆಯದನ್ನು ಮೊದಲಿಗೆ ತಂದರೆ ಫಲವಿಲ್ಲ.

ಟ್ರಸ್ಟುಗಳು ಮಾಡಬೇಕಾದುದು

ಇಷ್ಟನ್ನು ಓದಿದ ಬಳಿಕ, ಸರಕಾರವು ಸಮಿತಿ ನೇಮಿಸಲಿ ಎಂದು ಹೇಳಿ ಪತ್ರಿಕೆಯನ್ನು ಮಡಿಸಿಡುವುದು ಸುಲಭ. ಸರಕಾರವು ಮಾಡಬೇಕಾದುದನ್ನು ಸರಕಾರಕ್ಕೆ ಹೇಳುವವರು ಬೇರೆ ಇದ್ದಾರೆ. ಬಸದಿಯ ಟ್ರಸ್ಟುಗಳೂ ಶ್ರಾವಕ ಕುಟುಂಬಗಳೂ ಯಾರ ಅಪ್ಪಣೆಯೂ ಇಲ್ಲದೆ ಮಾಡಬಹುದಾದ ಕಾರ್ಯಗಳು ಮೂರು.

ಮೊದಲನೆಯದು, ಕಾಗದಪತ್ರಗಳ ಪರಿಶೀಲನೆ. ಕಲಬುರಗಿ, ಬೀದರ್ ಸೀಮೆಯ ಪ್ರತಿಯೊಂದು ಟ್ರಸ್ಟೂ, ಪ್ರತಿಯೊಂದು ಹಳೆಯ ವ್ಯಾಪಾರಿ ಮನೆತನವೂ 1948ರಿಂದ 1955ರವರೆಗೆ ತನ್ನ ಹೆಸರಿಗೆ ಬಂದ ಹೊಲ, ಮನೆ, ನಿವೇಶನಗಳ ಪತ್ರಗಳನ್ನು ಒಮ್ಮೆ ತೆರೆದು ಓದಬೇಕು. ಮಾರಿದವರು ಯಾರು, ಯಾವ ತಿಂಗಳು, ಯಾವ ಬೆಲೆ, ಆಗಿನ ನಡೆದ ಬೆಲೆ ಯಾವುದು? ಎಲ್ಲ ಪತ್ರಗಳೂ ದೋಷಯುಕ್ತವಾಗಿರುತ್ತವೆಂದಲ್ಲ. ನ್ಯಾಯವಾದ ಬೆಲೆಗೆ ಕೊಂಡವರು, ಓಡಿಹೋದವರ ಆಸ್ತಿಯನ್ನು ಜೋಪಾನ ಮಾಡಿ ಮರಳಿಸಿದವರು ಇದ್ದರೆ ಅವರ ಮನೆತನಕ್ಕೆ ಅದೇ ಭೂಷಣ. ಅದೂ ಬೆಳಕಿಗೆ ಬರಲಿ. ದೋಷ ಕಂಡಲ್ಲಿ ವಾರಸುದಾರರನ್ನು ಹುಡುಕಿ ನ್ಯಾಯವಾದ ವ್ಯತ್ಯಾಸವನ್ನು ಸಲ್ಲಿಸಬೇಕು. ಅವರು ಸಿಗದಿದ್ದರೆ ಆ ಮೊತ್ತವು ಅದೇ ಊರಿನ, ಎಲ್ಲ ಮತದ ಮಕ್ಕಳೂ ಓದುವ ಶಾಲೆಗೋ ವಸತಿ ನಿಲಯಕ್ಕೋ ಹೋಗಬೇಕು. ಅದಕ್ಕೆ ದಾನಿಗಳ ಫಲಕವನ್ನು ಹಾಕಬಾರದು. ಪರರದನ್ನು ಮರಳಿಸುವುದು ದಾನವಲ್ಲ. ಅದನ್ನು ದಾನವೆಂದು ಕಲ್ಲಿನಲ್ಲಿ ಕೊರೆಯಿಸುವುದು ಎರಡನೆಯ ಅತಿಚಾರ.

ಎರಡನೆಯದು, ಪತ್ತಿನ ವ್ಯವಸ್ಥೆ. ಟ್ರಸ್ಟಿನ ನಿಧಿಯನ್ನು ಅದರ ಪತ್ರದಲ್ಲಿ ಹೇಳಿದ ಉದ್ದೇಶಕ್ಕಲ್ಲದೆ ಬಳಸುವಂತಿಲ್ಲ. ಆದುದರಿಂದ ಇದು ಟ್ರಸ್ಟಿನಿಂದಲ್ಲ, ಅದರ ಸದಸ್ಯರಾದ ವ್ಯಾಪಾರಿಗಳಿಂದ ಆಗಬೇಕು. 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯಿದೆಯಡಿ ಸಂಘಗಳನ್ನು ಸ್ಥಾಪಿಸುವುದು ಕಷ್ಟವಲ್ಲ. ಆದರೆ ಸಮಾಜದ ಹೆಸರಿನ ಸಂಘವು ಸಮಾಜದವರಿಗೆ ಮಾತ್ರ ಸಾಲ ಕೊಡುವ ಪದ್ಧತಿ ಬೆಳೆಯುತ್ತಿದೆ. ಅದು ಪತ್ತನ್ನು ಒಳಗೇ ಕೂಡಿಹಾಕಿ ಬೀಗ ಹಾಕಿದಂತೆ. ನಿಂಬರ್ಗಾದಂಥ ಒಂದೊಂದು ಹೋಬಳಿಯ ಊರಿನಲ್ಲಿಯೂ ಬಾಗವಾನ, ಮಣಿಯಾರ, ಲಿಂಗವಂತ, ದಲಿತ, ಜೈನ ಎಂದು ನೋಡದೆ ಸಣ್ಣ ವ್ಯಾಪಾರಿಗೂ ಸಣ್ಣ ರೈತನಿಗೂ ಪರಸ್ಪರ ಜಾಮೀನಿನ ಮೇಲೆ ಸಾಲ ಕೊಡುವ ಸಂಘ ಬೇಕು. ಒಬ್ಬ ಹಿಂದೂ ರೈತನಿಗೆ ಒಬ್ಬ ಮುಸಲ್ಮಾನ ವ್ಯಾಪಾರಿ ಜಾಮೀನಿಗೆ ಸಹಿ ಹಾಕುವ ದಿನ, 1948ರಲ್ಲಿ ಕಡಿದುಹೋದ ನೂಲಿನ ಒಂದು ಎಳೆ ಮರಳಿ ಕೂಡುತ್ತದೆ. ಬಡ್ಡಿಯಲ್ಲಿ ಒಂದೆರಡು ಪ್ರತಿಶತ ಬಿಡುವುದು ಪರಿಗ್ರಹ ಪರಿಮಾಣ ವ್ರತವನ್ನು ಹಿಡಿದವನಿಗೆ ಭಾರವಾಗದು.

ಮೂರನೆಯದು, ಕ್ಷಮಾವಾಣಿ. ಈಗ ಅದು ಮುದ್ರಿತ ಕಾರ್ಡುಗಳಲ್ಲಿಯೂ ಮೊಬೈಲಿನ ಸಂದೇಶಗಳಲ್ಲಿಯೂ ನಡೆಯುವ ಆಚರಣೆ. ಗೊತ್ತಿರುವ ನೂರು ಜನರಿಗೆ, ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪುಗಳನ್ನು ಕ್ಷಮಿಸಿ ಎಂದು ಒಂದೇ ಒಕ್ಕಣೆಯನ್ನು ಕಳುಹಿಸಲಾಗುತ್ತದೆ. ಯಾವ ತಪ್ಪು, ಯಾರಿಗೆ ಎಂಬುದನ್ನು ಹೇಳದ ಕ್ಷಮಾಯಾಚನೆಯು ಮೊತ್ತವನ್ನು ಬರೆಯದ ಹುಂಡಿಯಂತೆ. ಅದು ಎಲ್ಲಿಯೂ ಸಲ್ಲುವುದಿಲ್ಲ. ಕ್ಷಮೆಯನ್ನು ಬೇಡಬೇಕಾದುದು ಬೀಗರ ಮುಂದಲ್ಲ, ಯಾರೊಡನೆ ವೈರ ಉಂಟೋ ಅವರ ಮುಂದೆ. ಸೆಪ್ಟೆಂಬರ್ 17ರಂದು ಊರೂರಿನಲ್ಲಿ ಧ್ವಜ ಏರುತ್ತದೆ, ಏರಲಿ. ಅದರ ಆಸುಪಾಸಿನಲ್ಲಿಯೇ ಬರುವ ಕ್ಷಮಾವಾಣಿಯಂದು ಊರಿನ ಜೈನ ಹಿರಿಯರು ಮಸೀದಿಯ ಓಣಿಗೆ ನಡೆದು ಹೋಗಿ, ಎರಡೂ ಕಡೆಯ ಸತ್ತವರ ಹೆಸರುಗಳನ್ನು, ಗೊತ್ತಿರುವಷ್ಟನ್ನು, ಒಟ್ಟಿಗೆ ಓದುವ ಪದ್ಧತಿಯನ್ನು ಆರಂಭಿಸಬೇಕು. ಅವರೂ ರಜಾಕಾರರ ಕಾಲವನ್ನು ಕುರಿತು ಹೇಳಬೇಕಾದುದನ್ನು ಹೇಳಲಿ. ಮೊದಲು ಯಾರು ಹೇಳಬೇಕೆಂದು ಕಾಯುತ್ತಲೇ ಮುಕ್ಕಾಲು ಶತಮಾನ ಕಳೆದಿದೆ. ಪ್ರತಿವರ್ಷ ಹತ್ತು ದಿನಗಳ ಕಾಲ ಉತ್ತಮ ಕ್ಷಮೆಯನ್ನು ಮೊದಲ ಧರ್ಮವೆಂದು ಪೂಜಿಸುವವರೇ ಮೊದಲಿಗರಾಗಬೇಕು.

ಇದಕ್ಕೆ ಆಗುವ ಖರ್ಚು ಒಂದು ಮಾನಸ್ತಂಭದ ಖರ್ಚಿಗಿಂತ ಕಡಿಮೆ. ಪಂಚಕಲ್ಯಾಣ ಮಹೋತ್ಸವಗಳು ನಡೆಯಲಿ, ಜೀರ್ಣೋದ್ಧಾರಗಳು ನಡೆಯಲಿ. ಆದರೆ ಬಿರುಕು ಬಿಟ್ಟ ಪಾಯದ ಮೇಲೆ ಶಿಖರವನ್ನು ಏರಿಸುವ ಮೊದಲು ಪಾಯವನ್ನು ನೋಡುವುದು ಗೌಂಡಿಯೂ ತಿಳಿದ ಮಾತು. ಮುಂದಿನ ದಶಲಕ್ಷಣ ಪರ್ವದ ಏಳನೆಯ ದಿನ ವಿರುದ್ಧರಾಜ್ಯಾತಿಕ್ರಮ ಎಂಬ ಪದ ಬಂದಾಗ ಪ್ರವಚನಕಾರರು ಅದನ್ನು ದಾಟದೆ ಅಲ್ಲಿಯೇ ಒಂದು ಗಳಿಗೆ ನಿಲ್ಲಲಿ. ಕೇಳುತ್ತ ಕುಳಿತ ಟ್ರಸ್ಟಿನ ಸದಸ್ಯರು ಮರುದಿನ ಬೆಳಿಗ್ಗೆ ಕಪಾಟಿನ ಬೀಗ ತೆಗೆದು, 1948ರ ಕಟ್ಟನ್ನು ಬಿಚ್ಚಿ, ಮೊದಲ ಕಾಗದವನ್ನು ಓದಲಿ.